ಕಳ್ಳನಿಗಂತ ಹಾಕಿದ ಬೀಗ

ಗೋಕಾಕದ ಬಸ್ ಸ್ಟ್ಯಾಂಡಿನಲ್ಲೋ, ಮೂಡಲಗಿಯ ಸಂತೆಯಲ್ಲೋ, ಹುಕ್ಕೇರಿ ಕಡೆಯ ಯಾವುದೋ ಜಾತ್ರೆಯ ನೂಕುನುಗ್ಗಲಲ್ಲೋ ಒಬ್ಬರ ಫೋನ್ ಹೋಯಿತು ಅಂತ ಇಟ್ಟುಕೊಳ್ಳಿ. ಇಪ್ಪತ್ತು ವರ್ಷದ ಹಿಂದೆ ಫೋನ್ ಕಳೆದವರು ಒಂದು ಡಬ್ಬಿ ಮತ್ತು ಒಂದಿಷ್ಟು ನಂಬರು ಕಳಕೊಳ್ಳುತ್ತಿದ್ದರು. ಇವತ್ತು ಹೋಗುವುದು ಅರ್ಧ ಸಂಸಾರ. ಕಬ್ಬಿನ ಬಿಲ್ ಜಮಾ ಆಯಿತು ಅನ್ನುವ ಮೆಸೇಜು, ಗೃಹಲಕ್ಷ್ಮಿಯ 2000 ರೂಪಾಯಿ ಬಂತೋ ಇಲ್ಲವೋ ನೋಡುವ ದಾರಿ, ಮಗಳ ಹಾಲ್ ಟಿಕೆಟ್ಟು, ಆಧಾರ್ ಕಾರ್ಡಿನ ಫೋಟೋ, ತೀರಿಹೋದ ಅಜ್ಜನ ಕೊನೆಯ ವಿಡಿಯೋ. ಕರದಂಟಿನ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಗೋಡೆ ಮೇಲೆ ಇರಬಹುದು, ಆದರೆ ಅದರ ಹಿಂದಿನ ಖಾತೆ ಜೇಬಿನೊಳಗಿನ ಫೋನಿನಲ್ಲಿದೆ.

ಹಾಗಾಗಿ ಫೋನಿಗೆ ಕಳ್ಳತನ ತಡೆಯುವ ವ್ಯವಸ್ಥೆ ಬೇಕೋ ಬೇಡವೋ ಅನ್ನುವುದು ಪ್ರಶ್ನೆಯೇ ಅಲ್ಲ. ಬೇಕು. ತಕರಾರು ಇರುವುದು ಬೇರೆ ಕಡೆ. ಕಳ್ಳನನ್ನು ಹಿಡಿಯಬೇಕಾದರೆ ಫೋನ್ ಎಲ್ಲಿದೆ ಅಂತ ಯಾರಿಗಾದರೂ ಗೊತ್ತಾಗಬೇಕು. ಆದರೆ ಕಳುವಾಗುವ ಗಳಿಗೆವರೆಗೆ ಫೋನ್ ಇರುವುದು ನಿಮ್ಮ ಹತ್ತಿರ. ಅಂದರೆ, ಒಂದು ದಿನ ಬರಬಹುದಾದ ಕಳ್ಳನ ಜಾಡು ಹಿಡಿಯಲು ಇಟ್ಟ ಯಂತ್ರ, ಉಳಿದ 364 ದಿನ ನಿಮ್ಮ ಜಾಡನ್ನೇ ಹಿಡಿದು ಕೂತಿರುತ್ತದೆ. ಇದು ಯಾರದೋ ಕುತಂತ್ರ ಅಲ್ಲ. ಆ ಕೆಲಸದ ಸ್ವಭಾವವೇ ಹಾಗಿದೆ.

ಒಂದು ಉದಾಹರಣೆ ನೋಡಿ. ಆಪಲ್‌ನವರು 2024ರ ಜನವರಿಯಲ್ಲಿ ಐಫೋನಿಗೆ ಒಂದು ರಕ್ಷಣೆ ತಂದರು. ನೀವು ಮನೆ, ಆಫೀಸು ಬಿಟ್ಟು ಬೇರೆ ಕಡೆ ಇದ್ದಾಗ ಯಾರಾದರೂ ನಿಮ್ಮ ಪಾಸ್‌ಕೋಡ್ ಕದ್ದು ನೋಡಿ ಫೋನ್ ಕಿತ್ತುಕೊಂಡರೂ ಮುಖ್ಯವಾದ ಸೆಟ್ಟಿಂಗ್ ಬದಲಾಯಿಸಲು ಆಗುವುದಿಲ್ಲ. ಮುಖ ಅಥವಾ ಬೆರಳು ತೋರಿಸಬೇಕು, ಕೆಲವಕ್ಕೆ ಒಂದು ತಾಸು ಕಾಯಬೇಕು. ಒಳ್ಳೆಯ ಉಪಾಯ. ಆದರೆ ನೀವು ಮನೆಯಲ್ಲಿಲ್ಲ ಅಂತ ಫೋನಿಗೆ ಹೇಗೆ ತಿಳಿಯಿತು? ನಿಮ್ಮ ಮನೆ ಯಾವುದು, ನೀವು ಎಲ್ಲಿಗೆ ಪದೇ ಪದೇ ಹೋಗುತ್ತೀರಿ ಅಂತ ಅದಕ್ಕೆ ಮೊದಲೇ ಗೊತ್ತಿದ್ದರೆ ಮಾತ್ರ. ಆ ಮಾಹಿತಿಯನ್ನು ನಾವೂ ಓದಲಾಗದ ಹಾಗೆ ಇಟ್ಟಿದ್ದೇವೆ ಅಂತ ಆಪಲ್ ಹೇಳುತ್ತದೆ. ಇರಲಿ. ಕಾವಲುಗಾರನಿಗೆ ಮನೆಯ ಗುರುತು ಬೇಕೇ ಬೇಕು. ಕಾವಲುಗಾರ ಯಾರ ಸಂಬಳದ ಮೇಲಿದ್ದಾನೆ ಅಂತ ನಾವು ಕೇಳಬೇಕು.

ಕಳ್ಳತನದ ವಿರುದ್ಧ ಫೋನಿಗೆ ಈಗ ಮೂರು ಸುತ್ತಿನ ಬೇಲಿ ಇದೆ. ಮೂರನ್ನೂ ಬೇರೆ ಬೇರೆ ಇಟ್ಟು ನೋಡಿದರೆ ವಿಚಾರ ಸರಳ ಆಗುತ್ತದೆ.

ಮೊದಲನೇ ಬೇಲಿ ಫೋನಿನ ಒಳಗೇ ಇರುವುದು. ಪಿನ್, ಬೆರಳಚ್ಚು, ಮುಖದ ಗುರುತು. 2024ರಲ್ಲಿ ಗೂಗಲ್ ಇದಕ್ಕೆ ಇನ್ನೊಂದು ಸೇರಿಸಿತು: ಯಾರೋ ಕೈಯಿಂದ ಫೋನ್ ಕಿತ್ತುಕೊಂಡು ಓಡಿದರೆ, ಬೈಕ್ ಹತ್ತಿ ಪರಾರಿಯಾದರೆ, ಆ ಜಗ್ಗಾಟದ ಚಲನೆಯನ್ನು ಗುರುತಿಸಿ ಆಂಡ್ರಾಯ್ಡ್ ಫೋನ್ ತನ್ನಷ್ಟಕ್ಕೆ ಲಾಕ್ ಆಗುತ್ತದೆ. ಈ ಬೇಲಿ ಕೆಲಸ ಮಾಡಲು ನೀವು ಎಲ್ಲಿದ್ದೀರಿ ಅಂತ ಹೊರಗಿನ ಯಾರಿಗೂ ಹೇಳಬೇಕಾಗಿಲ್ಲ.

ಎರಡನೇ ಬೇಲಿ ಕಂಪನಿಯದು. ಆಪಲ್‌ನ ಫೈಂಡ್ ಮೈ, ಗೂಗಲ್‌ನ ಫೈಂಡ್ ಹಬ್. ಇನ್ನೊಂದು ಫೋನಿನಿಂದಲೋ ಕಂಪ್ಯೂಟರಿನಿಂದಲೋ ನಿಮ್ಮ ಖಾತೆಗೆ ಲಾಗಿನ್ ಆಗಿ ಫೋನ್ ನಕಾಶೆಯಲ್ಲಿ ಎಲ್ಲಿದೆ ನೋಡಬಹುದು, ಗಂಟೆ ಬಾರಿಸಬಹುದು, ಲಾಕ್ ಮಾಡಬಹುದು, ಎಲ್ಲಾ ಅಳಿಸಿಹಾಕಬಹುದು. ಇಲ್ಲಿ ಕೀಲಿ ಇರುವುದು ಖಾತೆಯಲ್ಲಿ. ಫೋನ್ ಯಾರ ಕೈಲಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಖಾತೆಯ ಪಾಸ್‌ವರ್ಡ್ ಯಾರಿಗೆ ಗೊತ್ತೋ ಅವರೇ ಮಾಲೀಕರು.

ಮೂರನೇ ಬೇಲಿ ಸರ್ಕಾರದ್ದು. ಪ್ರತಿ ಫೋನಿಗೂ 15 ಅಂಕಿಯ ಐಎಂಇಐ ನಂಬರ್ ಇರುತ್ತದೆ. *#06# ಒತ್ತಿದರೆ ನಿಮ್ಮದು ಕಾಣುತ್ತದೆ. ದೂರಸಂಪರ್ಕ ಇಲಾಖೆಯ ಸಿಇಐಆರ್ ವ್ಯವಸ್ಥೆ 2023ರ ಮೇ 17ರಿಂದ ದೇಶದೆಲ್ಲೆಡೆ ಸಿಗುತ್ತಿದೆ. ಫೋನ್ ಹೋದರೆ ಠಾಣೆಯಲ್ಲಿ ದೂರು ಕೊಟ್ಟು, ಅದೇ ನಂಬರಿನ ಹೊಸ ಸಿಮ್ ತೆಗೆದುಕೊಂಡು, ಆ ಜಾಲತಾಣದಲ್ಲಿ ವಿವರ ತುಂಬಿದರೆ ಆ ಐಎಂಇಐ ಭಾರತದ ಎಲ್ಲಾ ನೆಟ್‌ವರ್ಕಿನಲ್ಲೂ ಬ್ಲಾಕ್ ಆಗುತ್ತದೆ. ಯಾರಾದರೂ ಅದಕ್ಕೆ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ಹುಕ್ಕೇರಿ ತಾಲೂಕಿನ ಸಂಕೇಶ್ವರ ಇರುವುದು ಪುಣೆ–ಬೆಂಗಳೂರು ಹೆದ್ದಾರಿ ಮೇಲೆ. ಅಲ್ಲಿ ಕದ್ದ ಫೋನ್ ಊಟದ ಹೊತ್ತಿಗೆ ಕೊಲ್ಹಾಪುರ ಮುಟ್ಟಿರುತ್ತದೆ. ರಾಜ್ಯದ ಗಡಿ ದಾಟಿದ ಮೇಲೂ ಬೆನ್ನು ಹತ್ತುವ ವ್ಯವಸ್ಥೆ ಇದು. ಕರ್ನಾಟಕದ ಪೊಲೀಸರು ಆಗಾಗ ಹತ್ತಾರು ಫೋನ್ ಸಾಲಾಗಿ ಟೇಬಲ್ ಮೇಲಿಟ್ಟು ವಾರಸುದಾರರಿಗೆ ವಾಪಸ್ ಕೊಡುವ ಫೋಟೋ ನೀವು ಪೇಪರಿನಲ್ಲಿ ನೋಡಿರುತ್ತೀರಿ. ಮೂರು ತಿಂಗಳ ಕೂಲಿ ಕೂಡಿಸಿ ಫೋನ್ ಕೊಂಡವರಿಗೆ ಆ ಟೇಬಲ್ಲು ಸಣ್ಣ ವಿಷಯ ಅಲ್ಲ.

ಈ ಬೇಲಿಗಳಿಂದ ಉಪಯೋಗ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2014ರಲ್ಲಿ ಕಾನೂನು ಮಾಡಿ, 2015ರ ಜುಲೈ 1ರ ನಂತರ ತಯಾರಾಗಿ ಅಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳಲ್ಲಿ ದೂರದಿಂದಲೇ ಫೋನನ್ನು ನಿಷ್ಕ್ರಿಯ ಮಾಡುವ ವ್ಯವಸ್ಥೆ ಕಡ್ಡಾಯ ಮಾಡಿದರು. ಆಪಲ್ 2013ರಲ್ಲೇ ಅಂಥದ್ದೊಂದನ್ನು ತಂದಿತ್ತು. ಆ ವರ್ಷಗಳಲ್ಲಿ ದೊಡ್ಡ ನಗರಗಳಲ್ಲಿ ಐಫೋನ್ ಕಳ್ಳತನ ಕಡಿಮೆಯಾಯಿತು. ಕದ್ದರೂ ಮಾರಲಾಗದ ಮಾಲನ್ನು ಯಾರು ಕದಿಯುತ್ತಾರೆ? ಆ ಕಾನೂನಿನಲ್ಲಿ ಒಂದು ಮಾತು ಮಾತ್ರ ಮರೆಯಬಾರದು: ಫೋನ್ ಕೊಂಡವರು ಬೇಡ ಅಂದರೆ ಆ ವ್ಯವಸ್ಥೆಯನ್ನು ಆರಿಸಿಡಬಹುದಿತ್ತು.

ಈಗ ತಿರುಗಿಸಿ ನೋಡೋಣ. ಬೇಲಿ ಅದೇ, ಗುಂಡಿ ಅದೇ. ಒತ್ತುವ ಕೈ ಬದಲಾದರೆ?

ಕಂತಿನ ಮೇಲೆ ಫೋನ್ ಕೊಡುವ ಸಾಲದವರು ಅದರಲ್ಲಿ ಒಂದು ಆ್ಯಪ್ ಹಾಕಿ ಕೊಡುವ ರೂಢಿ ನಮ್ಮ ದೇಶದಲ್ಲಿದೆ. ಕಂತು ತಪ್ಪಿದರೆ ಫೋನ್ ದೂರದಿಂದಲೇ ಲಾಕ್. ತಾಂತ್ರಿಕವಾಗಿ ಇದಕ್ಕೂ ಕಳ್ಳನಿಗೆ ಹಾಕುವ ಲಾಕ್‌ಗೂ ದೊಡ್ಡ ವ್ಯತ್ಯಾಸ ಏನಿಲ್ಲ. ಆದರೆ ಇಲ್ಲಿ ಕಳ್ಳನ ಜಾಗದಲ್ಲಿ ನಿಂತವರು ಯಾರು? ಆ ತಿಂಗಳು ಕೂಲಿ ಸಿಗದ ಹುಡುಗ. ಫೋನ್ ಬಂದ್ ಆದರೆ ನಾಳೆಯ ಕೆಲಸಕ್ಕೆ ಬರುವ ಕರೆಯೂ ಬಂದ್, ಕಂತು ಕಟ್ಟುವ ದಾರಿಯೂ ಬಂದ್. ಸಾಲ ತೀರಿಸಬೇಕು ಅನ್ನುವುದು ನ್ಯಾಯವೇ. ಸಾಲಗಾರನನ್ನು ಕಳ್ಳನಿಗಂತ ಮಾಡಿದ ಬೀಗದಿಂದ ಕಟ್ಟಿಹಾಕುವುದೂ ನ್ಯಾಯವೇ ಅನ್ನುವುದು ಬೇರೆ ಪ್ರಶ್ನೆ.

ಇನ್ನೊಂದು ಕೈ ಮನೆಯೊಳಗಿನದು. ನಮ್ಮ ಕಡೆ ಹೆಣ್ಣುಮಕ್ಕಳ ಫೋನನ್ನು ಮೊದಲ ದಿನ ಚಾಲೂ ಮಾಡಿಕೊಡುವವರು ಯಾರು ಅಂತ ಯೋಚಿಸಿ. ಗಂಡ, ಮಗ, ಅಣ್ಣ, ಇಲ್ಲಾ ಮೊಬೈಲ್ ಅಂಗಡಿಯ ಹುಡುಗ. ಜಿಮೇಲ್ ಬೇಕು ಅಂತ ಫೋನ್ ಕೇಳುತ್ತದೆ, ಅವರು ತಮ್ಮದೇ ಖಾತೆ ಹಾಕುತ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ, ಬೇಗ ಮುಗಿಯಲಿ ಅಂತ ಅಷ್ಟೇ. ಆದರೆ ಆ ದಿನದಿಂದ ಆ ಫೋನಿನ ಕಳ್ಳತನ ರಕ್ಷಣೆ ಕಾಯುವುದು ಖಾತೆಯ ಮಾಲೀಕರನ್ನು. ಕಿಸೆಯಲ್ಲಿ ಇಟ್ಟುಕೊಂಡು ಓಡಾಡುವ ಹೆಂಗಸು ಅದರ ಕಣ್ಣಿಗೆ ಬರೀ ಒಂದು ಚುಕ್ಕಿ. ತವರಿಗೆ ಹೋದಳೋ, ಸಂಘದ ಮೀಟಿಂಗಿಗೆ ಹೋದಳೋ, ಡಾಕ್ಟರ ಹತ್ತಿರ ಹೋಗಿ ಯಾಕೆ ಹೇಳಲಿಲ್ಲ, ಎಲ್ಲಾ ನಕಾಶೆಯ ಮೇಲೆ ಬರುತ್ತದೆ. ಒಳ್ಳೆಯ ದಿನಗಳಲ್ಲಿ ಯಾರೂ ನೋಡುವುದಿಲ್ಲ. ಸಂಬಂಧ ಕೆಟ್ಟ ದಿನ ಅದೇ ನಕಾಶೆ ಸರಪಳಿ ಆಗುತ್ತದೆ. ಆಪಲ್ 2021ರಲ್ಲಿ ಕೀಲಿಗೊಂಚಲು ಹುಡುಕಲಿ ಅಂತ ಏರ್‌ಟ್ಯಾಗ್ ತಂದಾಗ ಜಗತ್ತಿನ ಹಲವು ಕಡೆ ಅದನ್ನು ಹೆಂಗಸರ ಬ್ಯಾಗಿನಲ್ಲಿ, ಕಾರಿನಲ್ಲಿ ಬಚ್ಚಿಟ್ಟವರಿದ್ದರು. ಕೊನೆಗೆ 2024ರ ಮೇ ತಿಂಗಳಲ್ಲಿ ಆಪಲ್ ಮತ್ತು ಗೂಗಲ್ ಕೂಡಿ, ಗೊತ್ತಿಲ್ಲದ ಟ್ಯಾಗ್ ಒಂದು ನಿಮ್ಮ ಜೊತೆ ಸಾಗುತ್ತಿದೆ ಅಂತ ಎಚ್ಚರಿಸುವ ಏರ್ಪಾಡು ಮಾಡಬೇಕಾಯಿತು. ಟ್ಯಾಗಿಗೆ ಎಚ್ಚರಿಕೆ ಬಂತು. ನಿಮ್ಮದೇ ಫೋನಿನಲ್ಲಿ ಕೂತ ಅಣ್ಣನ ಖಾತೆ ಬಗ್ಗೆ ಹಾಗೆ ಗಂಟೆ ಬಾರಿಸುವವರು ಯಾರು?

ಮೂರನೇ ಕೈ ಸರ್ಕಾರದ್ದು. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಫೋನ್ ಕಂಪನಿಗಳಿಗೆ ಒಂದು ನಿರ್ದೇಶನ ಕೊಟ್ಟಿತು. ಭಾರತದಲ್ಲಿ ಮಾರುವ ಹೊಸ ಫೋನುಗಳಲ್ಲಿ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು, 90 ದಿನದೊಳಗೆ ಜಾರಿ ಆಗಬೇಕು, ಅದರ ಕೆಲಸಗಳನ್ನು ಬಂದ್ ಮಾಡುವಂತೆ ಇರಬಾರದು. ಕಾರಣ ಕೊಟ್ಟಿದ್ದು ನಕಲಿ ಐಎಂಇಐ, ಕಳ್ಳ ಫೋನು, ಸೈಬರ್ ವಂಚನೆ. ಸುದ್ದಿ ಹೊರಬಿದ್ದ ಕೂಡಲೇ ಗದ್ದಲ ಆಯಿತು. ಬೇಡವಾದರೆ ಅಳಿಸಬಹುದು ಅಂತ ಮಂತ್ರಿಗಳು ಹೇಳಿದರು. ಡಿಸೆಂಬರ್ 3ಕ್ಕೆ ಕಡ್ಡಾಯದ ಮಾತನ್ನು ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಆ ಆ್ಯಪ್ ಕೆಟ್ಟದ್ದು ಅಂತ ಅಲ್ಲ. ಕಳೆದ ಫೋನ್ ಬ್ಲಾಕ್ ಮಾಡಲು, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಲು ಅದು ಬಹಳ ಜನರಿಗೆ ಉಪಯೋಗಕ್ಕೆ ಬಂದಿದೆ, ಜನ ತಾವಾಗಿಯೇ ಹಾಕಿಕೊಂಡಿದ್ದಾರೆ. ಆದರೆ ನಾನು ಕರೆದಾಗ ಬರುವ ಪೊಲೀಸರಿಗೂ, ನನ್ನ ಮನೆ ಕಟ್ಟುವಾಗಲೇ ಗೋಡೆಯೊಳಗೆ ಕೂತುಬಿಡುವ ಪೊಲೀಸರಿಗೂ ಫರಕಿದೆ. ಎರಡನೆಯವರು ಎಷ್ಟೇ ಸಜ್ಜನರಾದರೂ ಗೋಡೆಯೊಳಗೆ ಯಾಕೆ?

ಇದೇ ಸುದ್ದಿಗೆ ಮೂರು ವಾರ ಮೊದಲು ನಮ್ಮ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್ ರಾಜ್ಯದ ಎಲ್ಲಾ ಟಿವಿಗಳಲ್ಲೂ ಇತ್ತು. ಟನ್ ಕಬ್ಬಿಗೆ 3,500 ರೂಪಾಯಿ ಬೇಕು ಅಂತ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕೂತರು. ನವೆಂಬರ್ 7ಕ್ಕೆ ಸರ್ಕಾರ 3,300 ಅಂತ ಘೋಷಿಸಿತು. ಅಲ್ಲಿ ಕೂತವರ ಜೇಬಿನಲ್ಲಿ ಫೋನ್ ಇದ್ದವು. ಯಾವ ಊರಿಂದ ಎಷ್ಟು ಟ್ರ್ಯಾಕ್ಟರ್ ಬರುತ್ತವೆ, ಯಾರು ರೊಟ್ಟಿ ಕಳಿಸುತ್ತಾರೆ, ಎಲ್ಲಾ ಓಡಾಡಿದ್ದು ಅದರಲ್ಲೇ. ಅವರ ಮೇಲೆ ಯಾರೋ ಫೋನಿನಿಂದ ಕಣ್ಣಿಟ್ಟಿದ್ದರು ಅಂತ ನಾನು ಹೇಳುತ್ತಿಲ್ಲ. ನಾನು ಕೇಳುವುದು ಇಷ್ಟೇ. ರಸ್ತೆಗೆ ಬಂದು ಕೂರುವ ಮುನ್ನ ರೈತನಿಗೆ ತನ್ನ ಫೋನ್ ಮನೆಯಲ್ಲಿ ಬಿಟ್ಟು ಬರಲೋ ಅನ್ನುವ ಯೋಚನೆ ಬರುವಂತಾದರೆ, ಆ ದಿನ ಕಳ್ಳತನ ತಡೆಯುವ ವ್ಯವಸ್ಥೆ ನಮ್ಮಿಂದ ಒಂದು ಫೋನಿಗಿಂತ ದೊಡ್ಡದನ್ನು ತೆಗೆದುಕೊಂಡಿರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುವ ಗಾದೆ ಕಟ್ಟಿದವರು ಹೊಲದವರೇ. ಅವರು ಬೇಲಿ ಬೇಡ ಅನ್ನಲಿಲ್ಲ, ಬೇಲಿ ಮೇಲೂ ಒಂದು ಕಣ್ಣಿರಲಿ ಅಂದರು.

ಇಲ್ಲಿಗೆ ಬಂದಾಗ ಊರ ಕಡೆಯ ಹಿರಿಯರು ಒಂದು ಮಾತು ಎತ್ತುತ್ತಾರೆ. "ನಮ್ಮ ಊರಾಗ ಎಲ್ಲಾರಿಗೂ ಎಲ್ಲಾ ಗೊತ್ತಿರತೈತಿ. ಯಾರ ಮನ್ಯಾಗ ಏನ ಅಡಗಿ, ಯಾರ ಮಗಳಿಗೆ ವರ ನೋಡಾಕ ಬಂದಾರ, ಯಾರ ಸಾಲ ಎಷ್ಟ. ಖಾಸಗಿತನ ಅನ್ನೂದು ನಿಮ್ಮ ಬೆಂಗಳೂರಿನ ಫ್ಲ್ಯಾಟಿನ ಸಾಮಾನ. ಮುಚ್ಚಿಡೂದು ಏನೈತ್ರಿ ನಮ್ಮದು?"

ಈ ಮಾತನ್ನು ನಕ್ಕು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಅದರಲ್ಲಿ ಅರ್ಧ ಸತ್ಯ ಇದೆ. ಓಣಿಯಲ್ಲಿ ಎಲ್ಲರಿಗೂ ಎಲ್ಲಾ ಗೊತ್ತಿರುತ್ತದೆ, ನಿಜ. ಆದರೆ ಆ ಗೊತ್ತಿಗೆ ಒಂದು ಕಟ್ಟಳೆ ಇತ್ತು. ಕಟ್ಟೆ ಮೇಲೆ ಕೂತು ನಿಮ್ಮನ್ನು ನೋಡುವ ಕಾಕಾ ನಿಮಗೂ ಕಾಣುತ್ತಾರೆ. ಅವರ ಮನೆ ಸುದ್ದಿ ನಿಮಗೂ ಗೊತ್ತು. ಅವರು ಹೆಚ್ಚು ಮಾತಾಡಿದರೆ ನೀವೂ ಒಂದು ಮಾತು ಆಡಬಹುದು ಅನ್ನುವ ಅಳುಕು ಅವರಿಗಿರುತ್ತದೆ. ಅವರು ನೋಡಿದ್ದು ಮರೆಯುತ್ತಾರೆ, ವಯಸ್ಸಾದ ಮೇಲೆ ತಪ್ಪಾಗಿಯೂ ಹೇಳುತ್ತಾರೆ. ನಕಾಶೆಯ ಮೇಲಿನ ಚುಕ್ಕಿಗೆ ಇದ್ಯಾವುದೂ ಇಲ್ಲ. ಅದನ್ನು ನೋಡುವವರು ನಿಮಗೆ ಕಾಣುವುದಿಲ್ಲ. ನೀವು ಅವರನ್ನು ನೋಡುವ ಹಾಗಿಲ್ಲ. ಅದು ತನ್ನಷ್ಟಕ್ಕೆ ಮರೆಯುವುದಿಲ್ಲ. ಊರಿನ ಕಣ್ಣು ಎರಡೂ ಕಡೆ ನೋಡುತ್ತಿತ್ತು, ಇದು ಒಂದೇ ಕಡೆ ನೋಡುತ್ತದೆ.

ಮುಚ್ಚಿಡುವುದು ಏನಿದೆ ಅನ್ನುವ ಪ್ರಶ್ನೆಗೆ ನಮ್ಮ ಅಡುಗೆಮನೆಗಳೇ ಉತ್ತರ ಕೊಟ್ಟಿವೆ. ಸಾಸಿವೆ ಡಬ್ಬಿಯಲ್ಲಿ, ಅಕ್ಕಿ ಡಬ್ಬದ ತಳದಲ್ಲಿ, ಹಳೇ ಸೀರೆಯ ಮಡಿಕೆಯಲ್ಲಿ ದುಡ್ಡು ಇಡದ ಅವ್ವ ಯಾರಾದರೂ ಇದ್ದಾರೆಯೇ? ಅದು ಕಳ್ಳತನದ ದುಡ್ಡಲ್ಲ. ಗಂಡನಿಗೆ ಮೋಸ ಮಾಡುವುದಕ್ಕೂ ಅಲ್ಲ. ಮಗಳ ಫೀಗೆ, ತವರಿನ ಕಷ್ಟಕ್ಕೆ, ಕುಡಿದು ಬಂದ ರಾತ್ರಿಯ ಮರುದಿನದ ಕಿರಾಣಿಗೆ. ಆ ಡಬ್ಬಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲದ್ದರಿಂದಲೇ ಮನೆ ನಡೆದಿದೆ. ಖಾಸಗಿತನ ಅನ್ನುವ ಶಬ್ದ ಹೊಸದಿರಬಹುದು. ಸಾಸಿವೆ ಡಬ್ಬಿ ಹಳೆಯದು. ಈಗ ಆ ಡಬ್ಬಿ ಫೋನಿನೊಳಗೆ ಬಂದು ಕೂತಿದೆ, ಮುಚ್ಚಳದ ಕೀಲಿ ಮಾತ್ರ ಇನ್ನೊಬ್ಬರ ಜಿಮೇಲ್‌ನಲ್ಲಿದೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಖಾಸಗಿತನ ಅನ್ನುವುದು ಫ್ಲ್ಯಾಟಿನಲ್ಲಿರುವ ಹುಡುಗರ ಚಟ ಅಂದವರು ಆ ವಯಸ್ಸು ನೆನಪಿಡಬೇಕು. ಆ ತೀರ್ಪು ಖಾಸಗಿತನಕ್ಕೆ ಮಿತಿಯೇ ಇಲ್ಲ ಅನ್ನಲಿಲ್ಲ. ಸರ್ಕಾರ ಒಳಗೆ ಬರಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಅಂದಿತು. ಇಲಿ ಹಿಡಿಯಲು ಮನೆಗೆ ಬೆಂಕಿ ಹಚ್ಚಬೇಡ ಅನ್ನುವುದರ ಕಾನೂನಿನ ರೂಪ ಇದು.

ಫೋನಿನ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವಿರೇಂದ್ರ ಖನ್ನಾ ಪ್ರಕರಣದಲ್ಲಿ ಇನ್ನೂ ಹತ್ತಿರಕ್ಕೆ ಬಂತು. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಆರೋಪಿ ಕೊಡದೆ ಇರಬಹುದು, ಆಗ ಅಧಿಕಾರಿ ಕೋರ್ಟಿಗೆ ಹೋಗಿ ಶೋಧನಾ ವಾರಂಟ್ ಕೇಳಬೇಕು. ತನಿಖೆಯಲ್ಲಿ ಸಿಕ್ಕ ಖಾಸಗಿ ವಿವರಗಳನ್ನು ಕೋರ್ಟಿನ ಅನುಮತಿ ಇಲ್ಲದೆ ಹೊರಗಿನವರಿಗೆ ಕೊಡುವಂತಿಲ್ಲ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಅಲ್ಲ ಅಂತಲೂ ಅದೇ ತೀರ್ಪು ಹೇಳಿತು. ಇದನ್ನು ಒಪ್ಪದವರೂ ಇದ್ದಾರೆ. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಫ್ರಾಂಕ್ ವೈಟಸ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜಾಮೀನು ಬೇಕಾದರೆ ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿ ತಾನೆಲ್ಲಿದ್ದೇನೆ ಅಂತ ತನಿಖಾಧಿಕಾರಿಗೆ ಕಾಣುವಂತೆ ಇಡಬೇಕು ಅನ್ನುವ ಷರತ್ತನ್ನು ತೆಗೆದುಹಾಕಿತು. ಆರೋಪಿಯ ಪ್ರತಿ ಚಲನೆಯ ಮೇಲೆ ಪೊಲೀಸರು ಸದಾ ಕಣ್ಣಿಡುವಂಥ ಷರತ್ತು ಖಾಸಗಿತನದ ಹಕ್ಕಿಗೆ ವಿರುದ್ಧ ಅಂದಿತು.

ಒಮ್ಮೆ ನಿಂತು ಯೋಚಿಸಿ. ಮಾದಕ ವಸ್ತು ಪ್ರಕರಣದ ಆರೋಪಿಯ ಚಲನವಲನವನ್ನು ಸದಾ ನೋಡುತ್ತಾ ಕೂರಬಾರದು ಅಂತ ದೇಶದ ದೊಡ್ಡ ಕೋರ್ಟು ಹೇಳಿದೆ. ಹಾಗಾದರೆ ಯಾವ ಆರೋಪವೂ ಇಲ್ಲದ ನಮ್ಮ ಅವ್ವನ, ಹೆಂಡತಿಯ, ತಂಗಿಯ, ಹದಿನೇಳರ ತಮ್ಮನ ಚುಕ್ಕಿಯನ್ನು ನೋಡುತ್ತಾ ಕೂರುವ ಅಧಿಕಾರ ನಮಗೆ ಯಾರು ಕೊಟ್ಟರು? ಕಾಳಜಿ ಅಂತೀವಿ. ಕಾಳಜಿ ನಿಜವೇ. ಆದರೆ ಪೊಲೀಸರೂ ಅದನ್ನೇ ಅನ್ನುತ್ತಾರೆ.

ಇನ್ನು, ಈ ಬೇಲಿಯ ಹೊರಗೆ ನಿಂತ ಇನ್ನೊಬ್ಬರ ಮಾತೂ ಆಡಬೇಕು. ಸಂತೆಯಲ್ಲಿ, ಸಣ್ಣ ಮೊಬೈಲ್ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು. ನಾಲ್ಕು ಸಾವಿರ ಕೊಟ್ಟು ತಂದ ಫೋನ್ ಒಂದು ದಿನ ಬ್ಲಾಕ್ ಆಗುತ್ತದೆ, ಮರುದಿನ ಠಾಣೆಯಿಂದ ಕರೆ ಬರುತ್ತದೆ. ಕಾನೂನಿನ ಕಣ್ಣಲ್ಲಿ, ಕದ್ದ ಮಾಲು ಅಂತ ಗೊತ್ತಿದ್ದೋ, ಹಾಗೆ ನಂಬಲು ಕಾರಣ ಇದ್ದೋ ಅಪ್ರಾಮಾಣಿಕವಾಗಿ ಇಟ್ಟುಕೊಂಡರಷ್ಟೇ ಅಪರಾಧ. ಆದರೆ ಠಾಣೆಯ ಮೆಟ್ಟಿಲು ಹತ್ತುವಾಗ ಬಡವರ ಎದೆಗೆ ಆ ಸೂಕ್ಷ್ಮ ಗೊತ್ತಿರುವುದಿಲ್ಲ. ಫೋನ್ ಹೋಯಿತು, ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು. ಕಳ್ಳ ಮಾತ್ರ ಎಲ್ಲೋ ಚಹಾ ಕುಡಿಯುತ್ತಿರುತ್ತಾನೆ. ಕೊಳ್ಳುವ ಮುನ್ನ ಸಂಚಾರ್ ಸಾಥಿಯಲ್ಲಿ ಐಎಂಇಐ ಹಾಕಿ ಕಪ್ಪುಪಟ್ಟಿಯಲ್ಲಿದೆಯೋ ನೋಡಬಹುದು. ಸರ್ಕಾರದ ವ್ಯವಸ್ಥೆ ಇಲ್ಲಿ ಜನರ ಜೊತೆ ನಿಲ್ಲುತ್ತದೆ. ಯಾವ ಜಾಡೂ ಹಿಡಿಯದೆ, ಕೇಳಿದವರಿಗೆ ಹೌದು ಅಲ್ಲ ಅಂತ ಹೇಳುವ ಕೆಲಸ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಸಭ್ಯವಾದ ಭಾಗ ಇದು. ಹತ್ತು ಸಲ ಪೋಸ್ಟರ್ ಅಂಟಿಸಬೇಕಾದದ್ದು ಇದಕ್ಕೆ.

ಹಾಗಾದರೆ ಯಾವ ಬೇಲಿ ನ್ಯಾಯ, ಯಾವುದು ಅನ್ಯಾಯ ಅಂತ ಅಳೆಯುವುದು ಹೇಗೆ? ನನಗೆ ಮೂರು ಪ್ರಶ್ನೆ ಸಾಕು ಅನಿಸುತ್ತದೆ. ಗುಂಡಿ ಒತ್ತುವವರು ಯಾರು, ಫೋನ್ ಹಿಡಿದವರೋ ಬೇರೆಯವರೋ? ಫೋನ್ ಹಿಡಿದವರಿಗೆ ಅದು ಗೊತ್ತಿದೆಯೋ? ಕೆಲಸ ಮುಗಿದ ಮೇಲೆ ಅದು ನಿಲ್ಲುತ್ತದೆಯೋ, ಬೇಡ ಅಂದರೆ ಆರಿಸಬಹುದೋ?

ಸಿಇಐಆರ್‌ಗೆ ಈ ಪ್ರಶ್ನೆ ಕೇಳಿ. ದೂರು ಕೊಟ್ಟವರೇ ಶುರು ಮಾಡುತ್ತಾರೆ, ಅವರಿಗೆ ಗೊತ್ತಿರುತ್ತದೆ, ಫೋನ್ ಸಿಕ್ಕ ಮೇಲೆ ಅನ್‌ಬ್ಲಾಕ್ ಮಾಡಿಸುತ್ತಾರೆ. ಪಾಸಾಯಿತು. ಫೋನ್ ಕಿತ್ತುಕೊಂಡಾಗ ತಾನೇ ಲಾಕ್ ಆಗುವ ವ್ಯವಸ್ಥೆಯೂ ಪಾಸು. ಅಳಿಸಲಾಗದಂತೆ ಮೊದಲೇ ಕೂರಿಸುವ ಆ್ಯಪ್‌ಗೆ ಕೇಳಿ. ಒಳ್ಳೆಯ ಉದ್ದೇಶ ಇದ್ದರೂ ಮೊದಲನೆಯದರಲ್ಲೂ ಮೂರನೆಯದರಲ್ಲೂ ಎಡವುತ್ತದೆ. ಕಂತಿನವರ ಲಾಕ್ ಎರಡನೆಯದರಲ್ಲಿ ಒದ್ದಾಡುತ್ತದೆ. ಸಹಿ ಮಾಡಿಸಿದ ಕಾಗದದಲ್ಲಿ ಎಲ್ಲೋ ಬರೆದಿರುತ್ತಾರೆ, ಓದಿ ಹೇಳಿದವರಿಲ್ಲ. ಹೆಂಡತಿಯ ಫೋನಿನಲ್ಲಿ ಗಂಡನ ಖಾತೆ ಮೂರರಲ್ಲೂ ಫೇಲು.

ಒಂದು ಮಾತು ಬಿಡಬಾರದು. ಈ ಅಳತೆಗೋಲು ಹಿಡಿದರೆ ನಷ್ಟವೂ ಇದೆ. ಜಾಗ ತೋರಿಸುವುದನ್ನು ಆರಿಸಿಟ್ಟವರ ಫೋನ್ ಕಳುವಾದರೆ ನಕಾಶೆಯಲ್ಲಿ ಹುಡುಕಲು ಆಗುವುದಿಲ್ಲ. ತನ್ನದೇ ಖಾತೆ ಇಟ್ಟುಕೊಂಡ ಅವ್ವ ಪಾಸ್‌ವರ್ಡ್ ಮರೆತರೆ ಫೋಟೋ ಎಲ್ಲಾ ಹೋಗಬಹುದು. ವಯಸ್ಸಾದ ಅಪ್ಪ ಬಸ್ ತಪ್ಪಿಸಿಕೊಂಡು ಎಲ್ಲೋ ಇಳಿದರೆ ಆ ಚುಕ್ಕಿ ಇದ್ದಿದ್ದರೆ ಅನಿಸುತ್ತದೆ. ಮರೆವಿನ ಕಾಯಿಲೆ ಇರುವವರ ಮನೆಯಲ್ಲಿ ಆ ಚುಕ್ಕಿ ಜೀವ ಉಳಿಸಬಹುದು. ಖಾಸಗಿತನ ಪುಕ್ಕಟೆ ಅಂತ ಯಾರೂ ಹೇಳಬಾರದು. ಆ ಬೆಲೆ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸಬೇಕಾದವರು ಫೋನ್ ಹಿಡಿದವರು. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಅವರ ಪರವಾಗಿ ತೀರ್ಮಾನಿಸುವ ನಾವಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳಷ್ಟು ಜನ ಮನೆಯ ಟೆಕ್ ಸಪೋರ್ಟ್ ಆಗಿರುತ್ತೀರಿ. ಊರಿಗೆ ಹೋದಾಗ ಅಪ್ಪ ಅವ್ವನ ಫೋನು ನಿಮ್ಮ ಕೈಗೆ ಬರುತ್ತದೆ. ಈ ಸಲ ಬಂದಾಗ ಒಂದು ಹತ್ತು ನಿಮಿಷ ಕೊಡಿ. ಅದರಲ್ಲಿ ಯಾರ ಖಾತೆ ಇದೆ ನೋಡಿ. ಅವರ ಹೆಸರಿನಲ್ಲೇ ಒಂದು ಖಾತೆ ಮಾಡಿ, ಪಾಸ್‌ವರ್ಡ್ ಅನ್ನು ಅವರ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿ, ಅವರಿಗೆ ಬೇಕಾದ ಡಬ್ಬಿಯಲ್ಲಿ ಇಡಲು ಹೇಳಿ. *#06# ಒತ್ತಿ ಐಎಂಇಐ ಬರೆದಿಡಿ, ಬಿಲ್ಲಿನ ಜೊತೆ ಇರಲಿ, ದೂರು ಕೊಡುವಾಗ ಅದೇ ಬೇಕು. ಸ್ಕ್ರೀನ್ ಲಾಕ್ ಇರಲಿ, ಸಿಮ್‌ಗೂ ಪಿನ್ ಇರಲಿ, ಕಿತ್ತುಕೊಂಡರೆ ಲಾಕ್ ಆಗುವುದನ್ನು ಚಾಲೂ ಮಾಡಿ. ಇಷ್ಟರಲ್ಲಿ ಯಾವುದಕ್ಕೂ ಅವರು ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಾಗುವ ಅವಶ್ಯಕತೆ ಇಲ್ಲ.

ಆಮೇಲೆ ಲೊಕೇಶನ್ ಹಂಚಿಕೊಳ್ಳುವ ಮಾತು. ಅದನ್ನು ನೀವೇ ಆರಿಸಲೂ ಬೇಡಿ, ಚಾಲೂ ಮಾಡಲೂ ಬೇಡಿ. ಬಾಯಿಬಿಟ್ಟು ಕೇಳಿ. "ಅವ್ವಾ, ನೀ ಎಲ್ಲೆಲ್ಲಿ ಹೋಗತಿ ಅನ್ನೂದು ನನ್ನ ಫೋನಿನ್ಯಾಗ ಕಾಣೂಹಂಗ ಇಡಬಹುದು. ಇಡಲೋ, ಬ್ಯಾಡೋ?" ಅಂತ. ಇರಲಿ ಬಿಡಪ್ಪಾ ಅಂದರೆ ಇರಲಿ. ಬ್ಯಾಡ ಅಂದರೆ ಯಾಕೆ ಅಂತ ಮಾತ್ರ ಕೇಳಬೇಡಿ. ಯಾಕೆ ಅಂತ ಹೇಳದೇ ಇರುವುದಕ್ಕೇ ಖಾಸಗಿತನ ಅನ್ನುವುದು.